ಉಟ್ಟ ಬಟ್ಟೆಯ ಮೇಲೆ ನೀರು

ಸೈನ್ಯದಿಂದ ನಿವೃತ್ತನಾಗಿ ಕೊಟ್ಟೂರಿಗೆ ಬಂದಾಗ ನನ್ನ ಮೈಯಲ್ಲಿ ಇನ್ನೂ ಶಕ್ತಿ ಇತ್ತು. ಬೆಳಕು ಹರಿಯುವ ಮೊದಲೇ ಏಳುತ್ತಿದ್ದೆ, ಹಾಸಿಗೆ ಮಡಚುತ್ತಿದ್ದೆ, ಬೂಟು ಒರೆಸುತ್ತಿದ್ದೆ. ಆಮೇಲೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಮನೆಯವರಿಗೆಲ್ಲ ಸಾಕಾಗಿದ್ದೆ. ಬೇಳೆ ಡಬ್ಬಿ ಎಲ್ಲಿಡಬೇಕು, ಚಪ್ಪಲಿ ಯಾವ ಸಾಲಿನಲ್ಲಿ ಬಿಡಬೇಕು ಎಂದು ದಿನವೂ ಹೇಳುತ್ತ ಹೋದರೆ ಯಾರಿಗಾದರೂ ಸಾಕಾಗುತ್ತದೆ. ಹೆಂಡತಿಯೇ ಒಂದು ದಿನ, "ನಿಮಗ ನಾಕು ಮಂದಿ ಸಾಲಾಂಗಿಲ್ರಿ, ಒಂದು ಪಲ್ಟನ್ನ ಬೇಕು" ಎಂದಳು. ತೊಂಬತ್ತರ ದಶಕದ ನಡುವಿನ ಮಾತು ಇದು. ನನ್ನ ಜೊತೆ ಸೈನ್ಯದಲ್ಲಿದ್ದ ಗೆಳೆಯನೊಬ್ಬ ಮುಂಬಯಿಯ ಏಜೆಂಟನೊಬ್ಬನ ಮೂಲಕ ಗಲ್ಫಿಗೆ ಹೋಗಿದ್ದ. ಅಲ್ಲಿ ಕೂಲಿಯವರ ಕ್ಯಾಂಪು ನೋಡಿಕೊಳ್ಳಲು ಮಾಜಿ ಸೈನಿಕರನ್ನೇ ಹುಡುಕುತ್ತಾರೆ ಎಂದು ತಿಳಿಸಿದ. ನಾನೂ ಹೋದೆ.

ಕ್ಯಾಂಪು ಪಟ್ಟಣದಿಂದ ಬಹಳ ದೂರದಲ್ಲಿತ್ತು. ಸುತ್ತ ಮರಳು, ಒಂದು ಡಾಂಬರು ರಸ್ತೆ, ತಂತಿ ಬೇಲಿ. ಬೇಲಿಯೊಳಗೆ ತಗಡಿನ ಕೋಣೆಗಳ ಸಾಲು. ಒಂದೊಂದು ಕೋಣೆಯಲ್ಲಿ ಎಂಟು ಜನ, ಮೇಲೊಂದು ಕೆಳಗೊಂದು ಮಂಚ. ಪ್ರತಿಯೊಬ್ಬನೂ ತನ್ನ ಮಂಚಕ್ಕೆ ಹಳೆಯ ಲುಂಗಿಯ ಪರದೆ ಕಟ್ಟಿಕೊಂಡಿರುತ್ತಿದ್ದ. ಅದರೊಳಗಿನ ಜಾಗವೇ ಅವನ ಮನೆ. ಕಿಟಕಿಯಲ್ಲಿ ತಂಪು ಯಂತ್ರ ಹಗಲೂ ರಾತ್ರಿ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆ ಸದ್ದು ನಿಂತರೆ ಎಲ್ಲರಿಗೂ ಒಮ್ಮೆಲೇ ಎಚ್ಚರವಾಗುತ್ತಿತ್ತು.

ಬಸ್ಸು ಹೊರಡಿಸುವುದು, ಜನರನ್ನು ಎಣಿಸುವುದು, ಕೋಣೆ ಹಂಚುವುದು, ಕಾಯಿಲೆಯವರನ್ನು ಆಸ್ಪತ್ರೆಗೆ ಕಳಿಸುವುದು, ಮೆಸ್ಸು, ನೀರು, ಎಲ್ಲ ನನ್ನ ಕೆಲಸ. ನೀರೇ ಎಲ್ಲಕ್ಕಿಂತ ಕಷ್ಟದ್ದು. ಟ್ಯಾಂಕರಿನಲ್ಲಿ ಬರುತ್ತಿತ್ತು. ಒಂದು ದಿನ ಬರದಿದ್ದರೂ ನಳದ ಮುಂದೆ ಜಗಳ. ಹೀಗಾಗಿ ಹಗಲು ಹೊತ್ತು ಸ್ನಾನದ ನಳಗಳಿಗೆ ಬೀಗ ಹಾಕಿಸಿದ್ದೆ. ಸಂಜೆ ಬಸ್ಸು ಬಂದ ಮೇಲೆ ಕೋಣೆಯ ಸರದಿಯಂತೆ ಸ್ನಾನ. ಈ ವ್ಯವಸ್ಥೆ ಯಾರಿಗೂ ಇಷ್ಟವಿರಲಿಲ್ಲ, ಆದರೆ ಜಗಳ ನಿಂತಿತು.

ಕಂಪನಿಯದೂ ಒಂದು ನಿಯಮವಿತ್ತು. ಒಂದೇ ಭಾಷೆಯವರನ್ನು ಒಂದೇ ಕೋಣೆಯಲ್ಲಿ ಇಡಬಾರದು. ಗುಂಪು ಕಟ್ಟುತ್ತಾರೆ, ಕೆಲಸ ನಿಲ್ಲಿಸುತ್ತಾರೆ ಎಂಬ ಭಯ. ಸೈನ್ಯದಲ್ಲೂ ಎಲ್ಲ ಭಾಷೆಯವರ ನಡುವೆ ಬದುಕಿದವನು ನಾನು. ಆದರೆ ಅಲ್ಲಿ ಒಟ್ಟಿಗೆ ಓಡುತ್ತಿದ್ದೆವು, ಒಟ್ಟಿಗೆ ಬೈಸಿಕೊಳ್ಳುತ್ತಿದ್ದೆವು, ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆವು. ಇಲ್ಲಿ ಒಬ್ಬರಿಗೊಬ್ಬರು ಬೇಕಾಗುವಂಥದ್ದೇನೂ ಇರಲಿಲ್ಲ. ನಸುಕಿನಲ್ಲಿ ಬಸ್ಸು ಹತ್ತಿ ಹೋಗುವುದು, ಬಿಸಿಲಲ್ಲಿ ದುಡಿಯುವುದು, ನಸುಕಿನಲ್ಲೇ ಕಟ್ಟಿಕೊಂಡ ಅನ್ನ ಮಧ್ಯಾಹ್ನಕ್ಕೆ ಹಳಸಿದ್ದರೂ ಉಣ್ಣುವುದು, ಸಂಜೆ ಬಂದು ಪರದೆ ಎಳೆದುಕೊಳ್ಳುವುದು. ಹೆಸರು ತಪ್ಪಾಗಿ ಕೂಗುತ್ತಾರೆಂದು ನಮ್ಮ ಕಡೆಯವರು ಊರಿನ ಹೆಸರನ್ನೇ ಇಟ್ಟುಕೊಂಡಿದ್ದರು. ಹಡಗಲಿ ಎಂದರೆ ಬಣ್ಣ ಬಳಿಯುವವನು, ಮಾತಿನ ಮಲ್ಲ. ಹರಪನಹಳ್ಳಿ ಎಂದರೆ ಮೆಸ್ಸಿನಲ್ಲಿ ಅಡುಗೆಗೆ ಇದ್ದವನು. ಚಿಗಟೇರಿ ಎಂದರೆ ಕಬ್ಬಿಣದ ಸರಳು ಕಟ್ಟುವವನು. ಕೊನೆಯ ಇಬ್ಬರು ಅಣ್ಣತಮ್ಮಂದಿರ ಮಕ್ಕಳು. ಹರಪನಹಳ್ಳಿಗೆ ಚಿಗಟೇರಿಯ ತಾಯಿ ದೊಡ್ಡವ್ವನಾಗಬೇಕು.

ಚಿಗಟೇರಿ ನಲವತ್ತು ದಾಟಿದವನು. ಊರಲ್ಲಿ ಕುರಿಯೂ ಹೊಲವೂ ಇದ್ದ ಮನೆ, ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯ. ಅವನ ಕೋಣೆಯಲ್ಲಿ ಬಂಗಾಳಿಗಳು, ಪಠಾಣರು, ನೇಪಾಳದವನೊಬ್ಬ. ಇವನಿಗೆ ಕನ್ನಡ, ಅಷ್ಟಿಷ್ಟು ತೆಲುಗು, ಕೆಲಸಕ್ಕೆ ಬೇಕಾದಷ್ಟು ಹಿಂದಿ. ಬೇಸಿಗೆಯಲ್ಲಿ ಅಲ್ಲಿನ ಸರಳು ಬರಿಗೈಯಲ್ಲಿ ಮುಟ್ಟಲು ಬರುತ್ತಿರಲಿಲ್ಲ. ಕೊಟ್ಟ ಕೈಗವಸು ವಾರಕ್ಕೇ ಹರಿಯುತ್ತಿತ್ತು, ಆಮೇಲೆ ಹಳೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ತಂತಿ ಬಿಗಿಯುತ್ತಿದ್ದರು. ತಮ್ಮನಾಗಬೇಕಾದ ಹರಪನಹಳ್ಳಿಯ ಜೊತೆ ಅವನ ಮಾತು ಅಂದರೆ ಮೆಸ್ಸಿನ ಸಾಲಿನಲ್ಲಿ ತಟ್ಟೆ ಚಾಚಿದಾಗ ಮಾತ್ರ. "ಉಂಡ್ಯೇನ್ಲೇ?" "ನೀನು ಉಣ್ಣಣ್ಣ." ಅಷ್ಟರಲ್ಲಿ ಹಿಂದಿನವನು ತಳ್ಳುತ್ತಿದ್ದ.

ಆ ವರ್ಷ ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಪ್ರತಿ ಶುಕ್ರವಾರ ರಜೆಯ ದಿನ ತಲೆ ಬಾಚಿಕೊಂಡು ನನ್ನ ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಸಾಹೇಬ್ರ, ನನ್ನ ರಜಾದ್ದು ಏನಾತ್ರಿ?"

"ಮ್ಯಾನೇಜರ್ ಟೇಬಲ್ ಮ್ಯಾಗ ಐತಪ. ಸ್ಲ್ಯಾಬ್ ಮುಗೀಲಿ ಅಂತಾನ."

"ಸ್ಲ್ಯಾಬಿಗಿ ಅವಸರ ಐತಿ, ನಮ್ಮವ್ವಗೂ ಅವಸರ ಐತ್ರಿ. ನನಗ ಬ್ಯಾರೆ ಏನೂ ಬ್ಯಾಡ. ಹಿರೇಮಗ ಮಣ್ಣಿಗಿ ಬರ್ಲಿಲ್ಲ ಅನ್ನೋ ಮಾತು ಬರಬಾರದು. ಅಷ್ಟ ಮಾಡಿ ಕೊಡ್ರಿ."

ನಮ್ಮ ಸೀಮೆಯಲ್ಲಿ ಮದುವೆಗೆ ಹೋಗದಿದ್ದರೆ ಕ್ಷಮೆ ಇದೆ. ಮಣ್ಣಿಗೆ ಹೋಗದಿದ್ದರೆ ಇಲ್ಲ. ಹಗೆಯವರ ಮನೆಯ ಸಾವಿಗೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುತ್ತಾರೆ. ಹೆತ್ತವಳಿಗೆ ಹಿರಿಯ ಮಗನೇ ಹಾಕಲಿಲ್ಲವೆಂದರೆ ಆ ಮಾತು ಅವನ ಮೊಮ್ಮಕ್ಕಳ ಕಾಲಕ್ಕೂ ಸಾಯುವುದಿಲ್ಲ. ಇದು ನನಗೆ ಗೊತ್ತಿತ್ತು. ಎರಡು ಸಲ ಮ್ಯಾನೇಜರನ ಹತ್ತಿರ ಹೋಗಿ ಹೇಳಿದೆ. ಪಾಸ್‌ಪೋರ್ಟು ಹೆಡ್ ಆಫೀಸಿನ ಕಪಾಟಿನಲ್ಲಿ, ದೇಶ ಬಿಟ್ಟು ಹೊರಡಲು ಬೇಕಾದ ಸಹಿ ಕಂಪನಿಯ ಅರಬ್ಬಿ ಧಣಿಯದು. ಅವನು ಬೇಸಿಗೆ ಕಳೆಯಲು ತಂಪು ದೇಶಕ್ಕೆ ಹೋಗಿದ್ದ.

ಫೋನು ಬಂದದ್ದು ಒಂದು ಮಧ್ಯಾಹ್ನ. ಚಿಗಟೇರಿಯ ನಡುವಿನ ತಮ್ಮ ಹರಪನಹಳ್ಳಿ ಊರಿನ ಬಸ್ ಸ್ಟ್ಯಾಂಡಿನ ಬೂತಿನಿಂದ ಮಾತಾಡುತ್ತಿದ್ದ. ಹಿಂದೆ ಬಸ್ಸಿನ ಹಾರನ್ನು, ಊರಿನ ಹೆಸರು ಕೂಗುವ ಕಂಡಕ್ಟರನ ದನಿ ಕೇಳುತ್ತಿತ್ತು.

"ಸಾಹೇಬ್ರ, ಅವ್ವ ಹೋದಳ್ರಿ. ನಿನ್ನೆ ಮಣ್ಣು ಮಾಡಿದ್ವಿ. ಅಣ್ಣಗ ಹೇಳಬ್ಯಾಡ್ರಿ."

"ಹೇಳಬ್ಯಾಡ ಅಂದ್ರ? ನಮ್ಮ ಪಲ್ಟನ್ಯಾಗ ತಾರು ಬಂದ ಗಳಿಗ್ಗೇ ಕೈಯಾಗ ಕೊಡತಿದ್ವಪ."

"ಎತ್ತರದ ಮ್ಯಾಗ ನಿಂತು ಕೆಲಸ ಮಾಡತಾನಂತಲ್ರಿ. ಕಾಲು ಜಾರಿದ್ರ? ಊರಿಗೆ ಬಂದಾಗ ತಿಳೀತೈತಿ ಬಿಡ್ರಿ. ಮೆಸ್ಸಿನ್ಯಾಗ ಇರೋ ನಮ್ಮ ತಮ್ಮಗ ಒಂದು ಮಾತು ಹೇಳ್ತೀನಿ, ಕರೀರಿ."

ಮೆಸ್ಸಿನಿಂದ ಹರಪನಹಳ್ಳಿಯನ್ನು ಕರೆಸಿದೆ. ಅವನು ಫೋನು ಹಿಡಿದು, "ಹ್ಞೂಂ... ಹ್ಞೂಂ..." ಎನ್ನುತ್ತಲೇ ಇದ್ದ. ಫೋನು ಇಟ್ಟ ಮೇಲೆ ನಾನು ಅವನನ್ನು ಕೂರಿಸಿ ಹೇಳಿದೆ. ಶುಕ್ರವಾರದವರೆಗೆ ಸುಮ್ಮನಿರೋಣ. ಅಂದು ಚಿಗಟೇರಿ ಎತ್ತರ ಏರುವುದಿಲ್ಲ. ನಾನೇ ಕರೆದು ಕೂರಿಸಿ ಹೇಳುತ್ತೇನೆ. ಅಲ್ಲಿಯವರೆಗೆ ನಿನ್ನ ಮುಖದಲ್ಲಿ ಕಾಣಬಾರದು. ಅವನು ತಲೆಯಾಡಿಸಿ, ಕಣ್ಣು ಒರೆಸಿಕೊಂಡು ಹೋದ. ನಾನು ಬಸ್ಸುಗಳ ಹೊತ್ತಾಯಿತೆಂದು ಗೇಟಿಗೆ ಹೊರಟೆ.

ಗೇಟಿಗೆ ಹೋಗುವ ದಾರಿಯಲ್ಲೇ ಮೆಸ್ಸಿನ ಹಿಂದೆ ಪಾತ್ರೆ ತೊಳೆಯುವ ನಳ. ಅಲ್ಲಿ ಹರಪನಹಳ್ಳಿ ಅಂಗಿ, ಪ್ಯಾಂಟು, ಮೆಸ್ಸಿನ ಬಿಳಿ ಏಪ್ರನ್ ಎಲ್ಲ ಸಮೇತ ಕೂತು ಬಕೀಟಿನಿಂದ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದ.

"ಏನ್ಲೇ ಇದು! ಹೇಳಿದ್ದು ತಲಿಗಿ ಹೋತೋ ಇಲ್ಲೋ?"

"ಹೆಂಗ ಬಿಡ್ಲಿ ಸಾಹೇಬ್ರ? ಸುದ್ದಿ ಕೇಳೀನಿ. ನಮ್ಮ ದೊಡ್ಡವ್ವ. ನೀರು ಹಾಕ್ಕೊಳ್ಳದ ಇಷ್ಟು ಮಂದಿ ಅನ್ನಕ್ಕ ಹೆಂಗ ಕೈ ಇಡ್ಲಿ?"

ನಮ್ಮಲ್ಲಿ ಒಂದೇ ಬಳ್ಳಿಯ ದಾಯಾದಿಗಳ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ಬಾಯಿ ಕಟ್ಟಿಕೊಳ್ಳಲು ಅವನು ಒಪ್ಪಿದ್ದ. ನೀರು ಬಿಡಲು ಒಪ್ಪಿರಲಿಲ್ಲ. ಅದನ್ನು ಬಿಡುವ ಮಾತೂ ಇದರಲ್ಲಿ ಸೇರಿದೆ ಎಂದು ಅವನಿಗೆ ಹೊಳೆದಿರಲೂ ಇಲ್ಲ. ಬೇರೆ ಬಟ್ಟೆ ಹಾಕಿಕೊ ಎಂದು ಅವನನ್ನು ಎಬ್ಬಿಸುವಷ್ಟರಲ್ಲಿ ಮೊದಲನೆಯ ಬಸ್ಸು ಒಳಗೆ ಬಂದೇ ಬಿಟ್ಟಿತು.

ಮೊದಲು ಇಳಿದವನು ಹಡಗಲಿ.

"ಏನ್ಲೇ ಹರಪನಹಳ್ಳಿ, ಒಬ್ಬನ ಓಕುಳಿ ಆಡಿದ್ಯಾ? ಸಾಹೇಬ್ರು ನಮಗ ಚೊಂಬು ಹಿಡಿಸ್ತಾರ, ನಿನಗ ಬಕೀಟು!"

ಇಳಿಯುತ್ತಿದ್ದವರೆಲ್ಲ ನಕ್ಕರು. ಭಾಷೆ ತಿಳಿಯದವರೂ ನಕ್ಕರು. ಬಟ್ಟೆ ತೊಟ್ಟಿಕ್ಕುತ್ತ ನಿಂತವನನ್ನು ನೋಡಿದರೆ ನಗು ಬರುವಂತೆಯೇ ಇತ್ತು. ಚಿಗಟೇರಿ ಕೊನೆಗೆ ಇಳಿದ. ನೋಡಿದ. ಅವನೊಬ್ಬ ನಗಲಿಲ್ಲ. ಕೈಯಲ್ಲಿದ್ದ ಬುತ್ತಿ ಡಬ್ಬಿ ಹಾಗೇ ಹಿಡಿದುಕೊಂಡು ತಮ್ಮನ ಮುಂದೆ ಬಂದು ನಿಂತ.

"ಯಾರು?"

ಹರಪನಹಳ್ಳಿ ನನ್ನ ಮುಖ ನೋಡಿದ.

"ನಮ್ಮ ಮಾವ, ಅಣ್ಣ. ಹೆಂಡ್ತಿ ಅಪ್ಪ."

"ಬೀಗರಿಗೆ ಯಾರು ಉಟ್ಟ ಬಟ್ಟಿ ಮ್ಯಾಗ ನೀರು ಹಾಕ್ಕೋತಾರಲೇ?"

ಹರಪನಹಳ್ಳಿ ಏಪ್ರನ್ನಿನ ಗಂಟು ಬಿಚ್ಚತೊಡಗಿದ.

"ಯಾರಂತ ಹೇಳಬ್ಯಾಡ," ಎಂದ ಚಿಗಟೇರಿ. ದನಿ ಎತ್ತಲಿಲ್ಲ. "ನಾನೂ ನೀರು ಹಾಕ್ಕೋಬೇಕೋ ಬ್ಯಾಡೋ, ಅಷ್ಟ ಹೇಳು."

ನಾನು ನಳಕ್ಕೆ ಹೋಗಿ ಬಕೀಟು ತುಂಬಿ ತಂದು ಚಿಗಟೇರಿಯ ಮುಂದೆ ಇಟ್ಟೆ. ಅವನು ಡಬ್ಬಿ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತ. ಮೈಮೇಲಿನ ಸಿಮೆಂಟಿನ ಧೂಳು ಬೂದಿ ಬಣ್ಣದ ಗೆರೆಯಾಗಿ ಇಳಿಯಿತು. ತಮ್ಮನೇ ನೀರು ಹಾಕಿದ. ಎರಡನೆಯ ಬಸ್ಸಿನವರು ಬಂದು, ಇವರು ಯಾಕೆ ಸರದಿ ಮುರಿದಿದ್ದಾರೆ ಎಂದು ಕೇಳುತ್ತಿದ್ದರು. ಯಾರೋ ಅವರಿಗೆ ಹಿಂದಿಯಲ್ಲಿ, "ಮಾಂ" ಎಂದು ಒಂದೇ ಮಾತು ಹೇಳಿದರು. ಅವರೂ ನಿಂತರು.

ನಮ್ಮ ಕಡೆ ಸಾವೆಂದರೆ ಮೊದಲು ಕೇಳುವುದು ಹೆಣ್ಣುಮಕ್ಕಳ ದನಿ. ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ಓಣಿಯ ತುದಿಯಲ್ಲಿದ್ದವರಿಗೂ ಅದು ಕೇಳಬೇಕು. ಬಂದ ಗಂಡಸರು ಹೊರಗೆ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾರೆ, ಯಾಕೆಂದರೆ ಒಳಗೆ ಅಳುವವರಿದ್ದಾರೆ. ಕ್ಯಾಂಪಿನಲ್ಲಿ ಒಂದೇ ಒಂದು ಹೆಣ್ಣು ದನಿ ಇರಲಿಲ್ಲ. ಕತ್ತಲಾಗುವ ಮೊದಲು ಚಿಗಟೇರಿಯ ಕೋಣೆಯ ಮೆಟ್ಟಿಲ ಹತ್ತಿರ ನಾವು ನಮ್ಮ ಕಡೆಯ ನಾಲ್ಕಾರು ಜನ ಕೂತೆವು. ಅವನು ಒದ್ದೆ ಬಟ್ಟೆಯಲ್ಲೇ ಇದ್ದ. ಆ ಬಿಸಿಗಾಳಿಗೆ ಅದು ಮೈಮೇಲೇ ಒಣಗುತ್ತ ಬಂತು. ಅವನ ಕಣ್ಣು ಬಟ್ಟೆಗಿಂತ ಮೊದಲೇ ಒಣಗಿತ್ತು.

"ಏನೂ ಆಗಿಲ್ಲದಂಗ ಐತಲ್ರಿ," ಎಂದ. "ಯಾರೂ ಅಳವಲ್ರು."

ಹಡಗಲಿ ನೆಲ ನೋಡುತ್ತ ಕೂತಿದ್ದ. ಬಸ್ಸಿಳಿದು ಓಕುಳಿಯ ಮಾತಾಡಿದ್ದವನು ಅವನೇ. ಇದ್ದಕ್ಕಿದ್ದ ಹಾಗೆ ತಲೆಯ ಮೇಲೆ ಟವೆಲ್ಲು ಎಳೆದುಕೊಂಡು, ನಮ್ಮ ಹೆಂಗಸರು ಎತ್ತುವ ಹಾಗೆಯೇ ದನಿ ಎತ್ತಿದ.

"ಯವ್ವಾ... ಎತ್ತಿ ಆಡಿಸಿದ ಕೈ ಎಲ್ಲಿ ಇಟ್ಟು ಹೋದ್ಯಬೇ... ಹಿರೇಮಗ ಬಂದ್ರ ಬಾಗಿಲಾಗ ಯಾರು ನಿಂದರಬೇಕಬೇ..."

ಗಂಡು ದನಿ, ಒಡಕು ದನಿ, ಧಾಟಿಯೂ ಸರಿ ಇರಲಿಲ್ಲ. ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆವು. ಒಳಗೆ ಬಂಗಾಳಿಗಳ ಟೇಪ್ ರೆಕಾರ್ಡರ್ ನಿಂತಿತು. ಹಡಗಲಿ ನಿಲ್ಲಿಸಲಿಲ್ಲ, ಕಂಡೇ ಇರದ ಮುದುಕಿಯ ಗುಣಗಳನ್ನು ಒಂದೊಂದಾಗಿ ಎತ್ತಿದ. ರೊಟ್ಟಿ ತಟ್ಟಿದ್ದು, ಕುರಿಮರಿಗೆ ಹಾಲು ಕುಡಿಸಿದ್ದು, ಮೈಲಾರದ ಜಾತ್ರೆಗೆ ನಡೆದುಕೊಂಡು ಹೋದದ್ದು. ಯಾವ ಊರಿನ ಯಾವ ತಾಯಿಗಾದರೂ ಹೊಂದುವ ಮಾತುಗಳು. ಚಿಗಟೇರಿ ಮೊಳಕಾಲಿಗೆ ಮುಖ ಒತ್ತಿಕೊಂಡು ಆಗ ಅತ್ತ. ಪಠಾಣನೊಬ್ಬ ಹೊರಗೆ ಬಂದು ಅವನ ಪಕ್ಕ ಕೂತ. ಎಂಟು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದವರು, ಒಟ್ಟಿಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಮ್ಯಾನೇಜರನ ಮುಂದೆ ನಿಂತೆ. ಅವನೂ ನಮ್ಮ ದೇಶದವನೇ, ಕೆಟ್ಟವನಲ್ಲ. "ಅಂತ್ಯಕ್ರಿಯೆ ಮುಗಿದಿದೆ ಅಂತೀರಿ. ಈಗ ಹೋಗಿ ಏನು ಮಾಡುತ್ತಾನೆ?" ಎಂದು ಕೇಳಿದ. ಮಣ್ಣು ತಪ್ಪಿದರೂ ಸತ್ತವರ ಹೆಸರಿನಲ್ಲಿ ದಿನ ಮಾಡುವುದಿದೆ, ಆ ಹೊತ್ತಿಗಾದರೂ ಹಿರಿಯ ಮಗ ಮುಟ್ಟಬೇಕು ಎಂದು ವಿವರಿಸಿದೆ. ಅವನು ಹೆಡ್ ಆಫೀಸಿಗೆ ಬರೆದ. ಧಣಿಯ ಸಹಿ ಬರುವಷ್ಟರಲ್ಲಿ ಊರಲ್ಲಿ ಆ ದಿನದ ಕಾರ್ಯವೂ ಮುಗಿದಿತ್ತು. ಇನ್ನು ಅವಸರವಿಲ್ಲವೆಂದು ಕಂಪನಿಯವರು ಅವನನ್ನು ಮಾಮೂಲಿ ರಜೆಯ ಸಾಲಿಗೆ ಸೇರಿಸಿದರು. ಸೂತಕ ಕಳೆಯುವವರೆಗೆ ಒಲೆ ಮುಟ್ಟುವುದಿಲ್ಲ ಎಂದು ಹರಪನಹಳ್ಳಿ ಹಟ ಹಿಡಿದಿದ್ದರಿಂದ ಅವನಿಗೆ ಅಂಗಳ ಗುಡಿಸುವ ಕೆಲಸ ಕೊಟ್ಟೆ. ಚಿಗಟೇರಿಯನ್ನು ಕೆಲವು ದಿನ ಕೆಳಗೆ ಸರಳು ಕತ್ತರಿಸುವ ಕಡೆಯೇ ಇಡಿ ಎಂದು ಫೋರ್‌ಮನ್‌ಗೆ ಹೇಳಿದೆ. ಇಟ್ಟರು. ಶುಕ್ರವಾರಗಳಂದು ಅವನು ನನ್ನ ಬಾಗಿಲಿಗೆ ಬರುವುದು ನಿಂತುಹೋಯಿತು.

ಭಾದ್ರಪದದಲ್ಲಿ ಅವನ ರಜೆ ಬಂತು. ನನ್ನದೂ ಅದೇ ಹೊತ್ತಿಗೆ ಇತ್ತು. ವಿಮಾನದಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಒಟ್ಟಿಗೇ ಬಸ್ಸು ಹಿಡಿದೆವು. ಹರಪನಹಳ್ಳಿಯಲ್ಲಿ ಇಳಿದಾಗ ಅವನು, "ಸಾಹೇಬ್ರ, ಒಬ್ಬನ ಹೋಗಾಕ ಆಗವಲ್ದು. ನೀವೂ ಬರ್ರಿ. ಸಂಜಿ ಬಸ್ಸಿಗೆ ಕೊಟ್ಟೂರಿಗೆ ಹೋದ್ರಾತು" ಎಂದ. ಹೋದೆ.

ನಡುವಿನ ತಮ್ಮ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಅಣ್ಣನ ಕೈ ಹಿಡಿದು ಸ್ವಲ್ಪ ಅತ್ತ, ಆಮೇಲೆ ಸೂಟ್‌ಕೇಸು ಎತ್ತಿಕೊಂಡ. ದಾರಿಯುದ್ದಕ್ಕೂ ಈ ಸಲ ಮಳೆ ಚೆನ್ನಾಗಿದೆ, ಮೆಕ್ಕೆಜೋಳ ಆಳೆತ್ತರ ಬಂದಿದೆ ಎಂದು ಹೇಳುತ್ತಿದ್ದ. ಮನೆಯ ಬಾಗಿಲಿಗೆ ಹೋದಾಗ ಚಿಗಟೇರಿಯ ಹೆಂಡತಿಯೂ ನಾದಿನಿಯರೂ ದನಿ ಎತ್ತಿ ಅತ್ತರು. ಆದರೆ ಅದು ಬೇಗ ಮುಗಿಯಿತು. ಅವರ ಅಳು ಬೇಸಿಗೆಯಲ್ಲೇ ತೀರಿತ್ತು. ಒಬ್ಬಳು ಚಹಾಕ್ಕೆ ಇಡಲು ಎದ್ದಳು. ಓಣಿಯವರು ಬಂದು ಕೂತು, ವಿಮಾನದಲ್ಲಿ ಕಿವಿ ನೋಯುತ್ತದಂತೆ, ಹೌದೇ ಎಂದು ಕೇಳಿದರು. ಮಾತಾಡಿಸಬೇಕೆಂದೇ ಕೇಳಿದ್ದು, ಕೆಡುಕಿನಿಂದಲ್ಲ. ಅವನು ಚಹಾ ಕುಡಿಯದೆ ಒಂದು ತಂಬಿಗೆ ಹಾಲು ಕೇಳಿದ.

ಸಮಾಧಿ ಅವರದೇ ಹೊಲದಲ್ಲಿತ್ತು. ಮೆಕ್ಕೆಜೋಳದ ನಡುವೆ ಮೂವರು ಅಣ್ಣತಮ್ಮಂದಿರೂ ನಾನೂ ಒಬ್ಬರ ಹಿಂದೆ ಒಬ್ಬರು ನಡೆದೆವು. ಎಲೆ ಮುಖಕ್ಕೆ ಕೊಯ್ಯುತ್ತಿತ್ತು. ಒಂದು ಕಡೆ ನಡುವಿನ ತಮ್ಮ ನಿಂತ.

"ಇಲ್ಲೇ ಅಣ್ಣ."

"ಅಲ್ಲಿ ಅಲ್ಲ, ಇನ್ನಷ್ಟು ಮುಂದ," ಎಂದ ಕಿರಿಯವನು.

"ನಿನಗೇನು ಗೊತ್ತಲೇ, ಬೇವಿನಗಿಡಕ್ಕ ನೇರ ಇತ್ತು."

"ಗಿಡಕ್ಕ ನೇರ ಇತ್ತು, ಆದ್ರ ಬದುವಿನ ಕಡಿ. ನಾನು ಗುದ್ಲಿ ಹಿಡಿದಾವ!"

ಚಿಗಟೇರಿ ಇಬ್ಬರನ್ನೂ ನೋಡಿದ. "ಕಲ್ಲು ಎಲ್ಲೈತಿ?"

ಆಗ ನಡುವಿನವನು ಹೇಳಿದ. ಕಟ್ಟೆ ಕಟ್ಟಿ ಕಲ್ಲು ನಿಲ್ಲಿಸುವುದು ಹಿರಿಯ ಮಗನ ಹಕ್ಕು. ಅವನು ಇಲ್ಲದೆ ತಾವು ಕಟ್ಟಿದರೆ ಅವನನ್ನು ಬಿಟ್ಟುಹಾಕಿದ ಹಾಗೆ ಆಗುತ್ತದೆ. "ನೀನು ಬಂದ ಮ್ಯಾಲೆ ನಿನ್ನ ಕೈಲೇ ಆಗ್ಲಿ ಅಂತ ಬಿಟ್ವಿ." ನಾಯಿ ಕೆದರದಂತೆ ಬರೀ ಜಾಲಿಮುಳ್ಳು ಹೊದಿಸಿದ್ದರು. ಮೊದಲ ಮಳೆಗೆ ಮಣ್ಣು ಕುಸಿಯಿತು. ಬಿತ್ತನೆಯ ದಿನ ಇವರು ಗೊಬ್ಬರಕ್ಕೆಂದು ಹರಪನಹಳ್ಳಿಗೆ ಹೋಗಿದ್ದಾಗ, ಬಾಡಿಗೆ ಟ್ರ್ಯಾಕ್ಟರಿನವನು ಮುಳ್ಳನ್ನು ಬದುವಿಗೆ ಎಸೆದು ಹೊಲವನ್ನೆಲ್ಲ ಒಂದೇ ಸಮ ಹರಗಿಬಿಟ್ಟ. ಪರಊರಿನವನು, ಅವನಿಗೆ ಅದು ಬರೀ ಮುಳ್ಳು. ಅಣ್ಣನಿಗೆ ಮರ್ಯಾದೆ ಕೊಡಬೇಕೆಂದು ಬಿಟ್ಟ ಜಾಗ ಹೀಗೆ ಮೆಕ್ಕೆಜೋಳದ ಕೆಳಗೆ ಹೋಗಿತ್ತು.

"ಫೋನಿನ್ಯಾಗ ಹೆಂಗ ಹೇಳೂದು ಅಂತ ಸುಮ್ಮನಾದ್ವಿ," ಎಂದ ಕಿರಿಯವನು.

ಚಿಗಟೇರಿ ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ. ನಡುವಿನವನು ತೋರಿಸಿದ ಜಾಗದಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ. ಕಿರಿಯವನು ತೋರಿಸಿದ ಕಡೆಯೂ ಒಂದು ಹಿಡಿ ಹಾಕಿದ. ಆಮೇಲೆ ತಂಬಿಗೆ ಬಗ್ಗಿಸಿ, ಒಂದು ಜಾಗದಿಂದ ಇನ್ನೊಂದರವರೆಗೆ, ಸಾಲಿನ ಬುಡದಲ್ಲಿ ಹಾಲು ಬಿಡುತ್ತ ನಡೆದ. ಹಾಲು ನಡುವೆಯೇ ಮುಗಿಯಿತು. ಖಾಲಿ ತಂಬಿಗೆ ಬಗ್ಗಿಸಿಕೊಂಡೇ ಕೊನೆಯವರೆಗೂ ಹೋದ.

"ಈ ಸಾಲು ಕೊಯ್ಯಬ್ಯಾಡ್ರಿ," ಎಂದ.

"ಆತಣ್ಣ," ಎಂದರು ಇಬ್ಬರೂ ಒಟ್ಟಿಗೆ.

ಅವನ ರಜೆ ಸುಗ್ಗಿಗೆ ಮೊದಲೇ ಮುಗಿಯಿತು. ಕಟ್ಟೆ ಕಟ್ಟಲಿಲ್ಲ, ಎಲ್ಲಿ ಕಟ್ಟುವುದು ಎಂಬುದು ತೀರ್ಮಾನವಾಗಲಿಲ್ಲ. ಮತ್ತೆ ಕ್ಯಾಂಪಿಗೆ ಬಂದು ಅದೇ ಮಂಚಕ್ಕೆ ಪರದೆ ಕಟ್ಟಿಕೊಂಡ. ಚಳಿಗಾಲದಲ್ಲಿ ಒಂದು ದಿನ ಊರಿನಿಂದ ನನ್ನ ಆಫೀಸಿಗೆ ತಮ್ಮನ ಫೋನು ಬಂದಿತ್ತು. ಚಿಗಟೇರಿ ನಿಂತೇ ಮಾತಾಡಿದ. ಮಕ್ಕಳು, ಕುರಿ, ಮಳೆ ಎಲ್ಲ ವಿಚಾರಿಸಿದ. ಫೋನು ಇಟ್ಟಾಗ ನಾನು ಬಾಯಿ ತೆರೆದೆ. ಅವನು ತಲೆ ಅಲ್ಲಾಡಿಸಿದ.

"ಆ ಸಾಲು ಕೊಯ್ದ್ರೋ ಬಿಟ್ರೋ ನಾನು ಕೇಳಾಂಗಿಲ್ಲ. ನೀವೂ ಯಾವತ್ತೂ ಕೇಳಬ್ಯಾಡ್ರಿ ಸಾಹೇಬ್ರ."

ನಾನು ಇಂದಿಗೂ ಕೇಳಿಲ್ಲ.